ಬೀಗರಿಗೆ ಬಡಿಸಿದ ಮುದ್ದೆ

ಕೆಂಗೇರಿ
9 ಜನವರಿ 2025, ಗುರುವಾರ

ನನ್ನ ಅಕ್ಕಯ್ಯಮ್ಮನಿಗೆ,

ಹೇಗಿದ್ದೀಯೆ? ಮಂಡಿ ನೋವು ಕಡಿಮೆಯಾಯಿತೇ? ನಂದಿನಿ ಲೇಔಟಿನ ಆ ಮೂರು ಮಹಡಿ ಮೆಟ್ಟಿಲನ್ನು ದಿನಕ್ಕೊಂದು ಸಲಕ್ಕಿಂತ ಹೆಚ್ಚು ಹತ್ತಬೇಡ. ದಿವ್ಯ ಸರಿಯಾಗಿ ಉಣ್ಣುತ್ತಿದ್ದಾಳೆಯೇ, ಮಗು ನಿದ್ದೆ ಮಾಡುತ್ತದೆಯೇ? ಮಗಳ ಬಾಣಂತನಕ್ಕೆ ಹೋದ ಹೆಂಡತಿಗೆ ಈ ವಯಸ್ಸಿನಲ್ಲಿ ಕಾಗದ ಬರೆಯುತ್ತಾನಲ್ಲ ಎಂದು ನಗಬೇಡ. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತೀಯ, ಹಸಿ ಬಾಣಂತಿ ಕೇಳಿಸಿಕೊಂಡರೆ ಗಾಬರಿಯಾಗುತ್ತಾಳೆ.

ಸೋಮವಾರ ನಿನ್ನ ಮುದ್ದಿನ ಮಗ ಯಶ್ವಂತ ನಾಯಂಡಹಳ್ಳಿಯ ಗೋಡೌನಿಗೆ ಕೆಲಸಕ್ಕೆ ಹೋಗಿದ್ದ. ನೀನು ಹೇಳಿಕೊಟ್ಟಂತೆ ಒಂದೇ ಒಂದು ಮುದ್ದೆ ಕಟ್ಟಿ, ಅವರೆಕಾಳಿನ ಸಾರು ಇಳಿಸಿ, ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡೆ. ತಟ್ಟೆ ಹಾಕುವ ಹೊತ್ತಿಗೆ ಬಾಗಿಲಲ್ಲಿ ದಿವ್ಯಳ ಮಾವ, ನಮ್ಮ ಬೀಗರು ವೆಂಕಟಗಿರಿ. ಮೊಮ್ಮಗನನ್ನು ನೋಡಿಕೊಂಡು ಊರಿಗೆ ಹೋಗುವ ದಾರಿಯಲ್ಲಿ ಇಳಿದಿದ್ದರು. ಊಟದ ಹೊತ್ತಿಗೆ ಬಂದ ಬೀಗರನ್ನು ಹಾಗೇ ಕಳಿಸಲಾಗುತ್ತದೆಯೇ? ಅರ್ಧ ಕೊಡೋಣವೆಂದರೆ, ಬೀಗರ ತಟ್ಟೆಗೆ ಮುರಿದ ಮುದ್ದೆ ಇಟ್ಟವರು ನಮ್ಮ ವಂಶದಲ್ಲೇ ಇಲ್ಲ. ಸೂಜಿಯ ವಿಷಯ ಹೇಳಲು ನಾಚಿಕೆ. "ನಂದಾಯ್ತು ಬೀಗ್ರೇ, ನೀವು ಉಣ್ಣಿ" ಎಂದುಬಿಟ್ಟೆ.

ಅವರು ಉಣ್ಣುವಾಗ ನಾನು ಅಡುಗೆಮನೆಯಲ್ಲಿ ನಿಂತು ಎರಡು ಸೌಟು ಬರೀ ಕಾಳು ತಿಂದೆ. ಮೊದಲು ಸೊಪ್ಪು, ಕಾಳು ತಿನ್ನಿ, ಆಮೇಲೆ ಮುದ್ದೆ, ಆಗ ಸಕ್ಕರೆ ಒಂದೇ ಸಲ ಏರುವುದಿಲ್ಲ ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿದ್ದರಲ್ಲ. ಮುದ್ದೆಯೇ ಇಲ್ಲದಿದ್ದರೆ ಇನ್ನೂ ಒಳ್ಳೆಯದು ಎಂದು ನನ್ನ ದೊಡ್ಡ ಬುದ್ಧಿಗೆ ಹೊಳೆಯಿತು. ಚುಚ್ಚಿಕೊಂಡ ಮೇಲೆ ಮುದ್ದೆಯೋ ಅನ್ನವೋ ಅಳತೆಯಷ್ಟು ಹೊಟ್ಟೆಗೆ ಬೀಳಲೇಬೇಕು ಎಂದು ಅವರೇ ಹೇಳಿದ್ದು ಮರೆತೇಹೋಗಿತ್ತು.

ಮುಕ್ಕಾಲು ಗಂಟೆಯಲ್ಲಿ ಬೆವರು ಕಿತ್ತುಕೊಂಡಿತು, ಕೈಕಾಲು ನಡುಗಿದವು. ಸಕ್ಕರೆ ಡಬ್ಬಿ ಕಣ್ಣೆದುರಿಗೇ ಇತ್ತು, ಮುಚ್ಚಳ ತೆಗೆಯುವುದು ಹೇಗೆಂದೇ ತಿಳಿಯಲಿಲ್ಲ. ಬೀಗರನ್ನು ಕರೆದರೆ ನಾಲಿಗೆ ತೊದಲಿತು. ಕುಡಿದಿದ್ದಾನೆ ಎಂದುಕೊಂಡು ಅವರು ಮುಖ ಸಿಂಡರಿಸಿ ಎದ್ದುನಿಂತರು. ನಾನು ಬಿದ್ದ ಸದ್ದಿಗೆ ಪಕ್ಕದ ಮನೆಯ ಮುನಿಲಕ್ಷ್ಮಮ್ಮ ಓಡಿಬಂದಳು. ಅವಳ ಗಂಡನಿಗೂ ಇದೇ ಕಾಯಿಲೆಯಲ್ಲವೇ, ನೋಡಿದ ಕೂಡಲೇ ಗುರುತು ಹಿಡಿದು, ಎತ್ತಿ ಕೂರಿಸಿ, ಸಕ್ಕರೆ ನೀರು ಕುಡಿಸಿದಳು. ಮಂಪರು ಇಳಿದಾಗ ಬೀಗರು ನನ್ನ ಕೈ ಹಿಡಿದುಕೊಂಡು ಕೂತಿದ್ದರು. "ಒಂದ್ ಮಾತ್ ಹೇಳ್ಬಾರ್ದಿತ್ತಾ ಬೀಗ್ರೇ? ಹಂಚ್ಕೊಂಡು ತಿಂತಿದ್ವಲ್ಲ" ಎಂದರು. ಮಕ್ಕಳಿಗೆ ಹೇಳಬೇಡಿ ಎಂದು ಇಬ್ಬರಿಂದಲೂ ಭಾಷೆ ತೆಗೆದುಕೊಂಡೆ.

ಅಕ್ಕಯ್ಯಮ್ಮ, ನನಗೆ ಭಯವಾಗಿದೆ. ಗದ್ದೆಯ ಬದುವಿನಲ್ಲಿ ಹಾವು ಕಂಡರೂ ಹೆದರದವನು ಈಗ ಊಟದ ತಟ್ಟೆ ಕಂಡರೆ ಹೆದರುತ್ತೇನೆ. ತಿಂದರೆ ಏರುತ್ತದೆ, ಬಿಟ್ಟರೆ ಬೀಳಿಸುತ್ತದೆ. ನೀನಿದ್ದಾಗ ತಟ್ಟೆಗೆ ಬಿದ್ದದ್ದನ್ನು ತಿಂದು ಏಳುತ್ತಿದ್ದೆ, ಲೆಕ್ಕವೆಲ್ಲ ನಿನ್ನದೇ ಆಗಿತ್ತು.

ದಿವ್ಯಳಿಗೂ ಪುಟ್ಟನಿಗೂ ನನ್ನ ಆಶೀರ್ವಾದ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ಬಾಣಂತನದ ಗಡಿಬಿಡಿಯಲ್ಲಿ ನಿನ್ನ ಊಟ ಮರೆಯಬೇಡ.

ನಿನ್ನ
ತಿಮ್ಮಯ್ಯ

ತಾ.ಕ.: ಸೋಮವಾರದಿಂದ ಇನ್ಸುಲಿನ್ ಚುಚ್ಚಿಕೊಂಡಿಲ್ಲ. ಸೂಜಿ ಕೈಗೆತ್ತಿಕೊಂಡರೆ ಮತ್ತೆ ಬಿದ್ದುಬಿಡುತ್ತೇನೆ ಅನ್ನಿಸುತ್ತದೆ. ಇವತ್ತು ಬೆಳಿಗ್ಗೆ ಸಕ್ಕರೆ ನೋಡುವ ಮಿಷನ್ನು ನಾನೂರ ಹದಿನೆಂಟು ತೋರಿಸಿತು. ಎಷ್ಟು ನೀರು ಕುಡಿದರೂ ಬಾಯಾರಿಕೆ ನಿಲ್ಲುತ್ತಿಲ್ಲ, ಎರಡು ಸಲ ವಾಂತಿಯಾಯಿತು. ಕಾಗದ ತಂದ ಯಶ್ವಂತನಿಗೆ ಇದ್ಯಾವುದೂ ಗೊತ್ತಿಲ್ಲ. ಅವನಿಗೆ ಕಾಫಿ ಕಾಯಿಸುತ್ತಾ ನಿಲ್ಲಬೇಡ. ಅವನ ಬೈಕ್ ಹತ್ತಿ ಈಗಲೇ ಬಾ.