ಟಾಪಿನ ಮೇಲೆ ಒಂಬತ್ತು ಕಲೆ

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ಬಿಳಿ ಕಾರು ಒಂದೇ. ಬಾನೆಟ್ ತುಂಬ ನೀರಿನ ಕಲೆ. ಪುಣ್ಯಾತ್ಮ ಮನೇಲಿ ಬೋರ್‌ವೆಲ್ ನೀರಲ್ಲಿ ತೊಳೆದು ಬಿಸಿಲಲ್ಲಿ ಹಾಗೇ ಬಿಟ್ಟಿದಾನೆ. ಎಷ್ಟು ಹೇಳಿದರೂ ಜನಕ್ಕೆ ತಲೆಗೆ ಹೋಗಲ್ಲ. ನೀರು ಆರಿಹೋಗುತ್ತೆ, ಅದರೊಳಗಿನ ಸುಣ್ಣ ಎಲ್ಲಿಗೆ ಹೋಗಬೇಕು? ಅಲ್ಲೇ ಉಂಗುರ ಉಂಗುರವಾಗಿ ಕೂರುತ್ತೆ. ವಿನೆಗರ್ ಅರ್ಧ, ಫಿಲ್ಟರ್ ನೀರು ಅರ್ಧ. ಬಟ್ಟೆ ನೆನೆಸಿ ಕಲೆ ಮೇಲೆ ಹಾಸಿ ಒಂದು ನಿಮಿಷ. ಉಜ್ಜಬಾರದು, ನೆನೆಯೋಕೆ ಬಿಡಬೇಕು. ಮುಕ್ಕಾಲು ಪಾಲು ಹೋಯ್ತು. ಉಳಿದವು ಪೇಂಟನ್ನೇ ತಿಂದುಬಿಟ್ಟಿವೆ. ಅವಕ್ಕೆ ಪಾಲಿಶ್ ಮಿಷನ್ನೇ ಗತಿ.

ಮಿಷನ್ ಈಗ ಷಡ್ಡಕನ ಕೈಲಿ. ನನ್ನ ಹೆಂಡತಿಯ ತಂಗಿ ಗಂಡ. ಶೆಡ್ಡಿಗೆ ಬಂದು ಆರು ವಾರ. ಸೇರಿಸಿದ್ದು ನಾನೇ. ಅವನಿದ್ದ ಶೋರೂಮ್ ಮುಚ್ಚಿಹೋಯ್ತು, ಇವಳು ದಿನಾ ನನ್ನ ತಲೆ ತಿಂದಳು — ನಿಮ್ಮ ಓನರ್‌ಗೆ ಒಂದು ಮಾತು ಹೇಳಿ, ಒಂದು ಮಾತು ಹೇಳಿ. ಹೇಳಿದೆ. ದಾರೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗಾಯ್ತು.

ನಾನು ಇಲ್ಲಿ ಹನ್ನೊಂದು ವರ್ಷ.

ಮಾರ್ಚ್ 6, ಗುರುವಾರ

ಹಲ್ಲಿನ ಡಾಕ್ಟರಮ್ಮ ಬಂದಿದ್ರು. ಎದುರು ರಸ್ತೆಯ ಮಹಡಿ ಮೇಲೆ ಕ್ಲಿನಿಕ್. ಕಿಟಕಿ ಕೆಳಗೇ ಕಾರು ನಿಲ್ಲಿಸ್ತಾರೆ. ಕಪ್ಪು ಕಾರು, ಮಗು ಥರ ನೋಡ್ಕೋತಾರೆ. ಎಂಟು ವರ್ಷದಿಂದ ನನ್ನ ಕೈ ಬಿಟ್ಟು ಬೇರೆಯವರ ಕೈ ಆ ಕಾರಿಗೆ ಬಿದ್ದಿಲ್ಲ.

ಇವತ್ತು ನನ್ನ ಮುಂದೇನೇ ನಿಂತು, ನಿಮ್ಮ ಆ ಹೊಸಬರು ಇದಾರಾ ಅಂತ ಕೇಳಿದ್ರು. ಪಾರ್ಕಿಂಗ್ ಪಕ್ಕದ ಹುಲ್ಲಿಗೆ ನೀರು ಚಿಮ್ಮಿಸೋ ಪೈಪ್ ಹಾಕಿದಾರಂತೆ, ದಿನಾ ಬೆಳಿಗ್ಗೆ ಕಾರಿಗೂ ಸ್ನಾನ. ಮೈಯೆಲ್ಲಾ ಕಲೆ. ಅದನ್ನೆಲ್ಲ ತೆಗೆದು ಸಿರಾಮಿಕ್ ಕೋಟಿಂಗ್ ಮಾಡಿಸಬೇಕಂತೆ. ಅವರ ಫ್ರೆಂಡ್ ಹೇಳಿದರಂತೆ, ಆ ಹೊಸಬರ ಕೈಲೇ ಮಾಡಿಸಿ ಅಂತ.

ನಾನು ಕರೆದು ಕೊಟ್ಟೆ. ನಗ್ತಾನೇ ಕರೆದೆ. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಸುಮ್ನೆ ಅಲ್ಲ.

ಮಾರ್ಚ್ 9, ಭಾನುವಾರ

ಅತ್ತೆ ಮನೇಲಿ ಊಟ. ಊಟಕ್ಕಿಂತ ಜಾಸ್ತಿ ಬಡಿಸಿದ್ದು ಚಿಕ್ಕಳಿಯನ ಗುಣಗಾನ. ಅತ್ತೆಯ ಹಳೇ ಬೀರುವಿಗೆ ಅವನು ಹೋದ ವಾರ ಪಾಲಿಶ್ ಮಾಡಿಕೊಟ್ಟಿದಾನೆ. ಬಂದವರಿಗೆಲ್ಲಾ ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ ತೋರಿಸ್ತಾ ಇದ್ರು. ಮುಖ ಕಾಣುತ್ತೆ ನೋಡಿ ಅಂದ್ರು ನಂಗೆ. ನೋಡಿದೆ. ಕಂಡಿತು. ಸೊಟ್ಟಗಿತ್ತು.

ಅವನು ಏನೂ ಹೇಳಲ್ಲ. ಅದೇ ಇನ್ನೂ ಕಷ್ಟ. ಹೊಗಳಿದರೆ ತಲೆ ತಗ್ಗಿಸಿ, ಭಾವ ಕಲಿಸಿಕೊಟ್ಟದ್ದು ಅಂತಾನೆ. ನಾನೇನು ಕಲಿಸಿದೆ? ಬೀರು ಪಾಲಿಶ್ ನಂಗೇ ಗೊತ್ತಿಲ್ಲ.

ವಾಪಸ್ ಬರ್ತಾ ಇವಳು ಶುರು ಮಾಡಿದಳು. ಅವರು ಹಾಗೆ, ಅವರು ಹೀಗೆ, ತಂಗಿ ಅದೃಷ್ಟ. ನಾನು ಸ್ಕೂಟರ್ ಸ್ಪೀಡ್ ಜಾಸ್ತಿ ಮಾಡಿದೆ. ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅಂದಳು ಹಿಂದಿನಿಂದ. ಯಾರಿಗೆ ಹೊಟ್ಟೆಕಿಚ್ಚು ಅಂತ ಕಿರುಚಿದೆ, ಪಕ್ಕದ ಬಸ್ಸಿನವರೆಲ್ಲಾ ನೋಡಿದರು.

ಇಲ್ಲಾದರೂ ನಿಜ ಬರೀಬೇಕು. ಹೊಟ್ಟೆಕಿಚ್ಚೇ. ಅವನು ಕೆಟ್ಟವನಾಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ಕುಡೀಲಿ, ಸುಳ್ಳು ಹೇಳಲಿ, ಹೆಂಡತಿ ಮೇಲೆ ಕೂಗಾಡಲಿ... ಏನೂ ಇಲ್ಲ. ಬೈಯೋಕೆ ಒಂದು ಕಾರಣ ಕೊಡಲ್ಲ ಬಡ್ಡೀಮಗ.

ಮಾರ್ಚ್ 14, ಶುಕ್ರವಾರ

ಕೋಟಿಂಗ್ ರೂಮ್ ರೆಡಿ. ಶೆಡ್ಡಿನ ಹಿಂದೆ, ಗಾಜಿನ ಬಾಗಿಲು, ಮೇಲೆ ಎರಡು ಕಡೆಗೂ ಸಾಲು ಲೈಟು. ಧೂಳಿಲ್ಲ, ನೆಲ ಒಣಗಿದೆ. ಒಣಗಿದ ನೆಲ! ಹನ್ನೊಂದು ವರ್ಷ ನೀರಲ್ಲಿ ನಿಂತು ನನ್ನ ಕಾಲ್ಬೆರಳ ಸಂದೆಲ್ಲಾ ಬೆಳ್ಳಗೆ ಸುಲಿದಿದೆ. ಆ ರೂಮಿಗೆ ಹೋದವನು ಮತ್ತೆ ಬಕೆಟ್ ಮುಟ್ಟೋ ಹಾಗಿಲ್ಲ.

ಒಬ್ಬರಿಗೇ ಅಂತೆ. ತಿಂಗಳ ಕೊನೇಲಿ ಬೀಗದ ಕೈ ಕೊಡ್ತೀನಿ ಅಂದ್ರು ಓನರ್. ಯಾರಿಗೆ ಅಂತ ಬಾಯಿ ಬಿಡಲಿಲ್ಲ. ಆದರೆ ಟೀ ಕುಡಿಯುವಾಗ ಕೈ ಇದ್ದದ್ದು ಅವನ ಹೆಗಲ ಮೇಲೆ. ಡಾಕ್ಟರಮ್ಮನ ಕಾರು ಹೇಗೆ ಮಾಡ್ತಾನೆ ನೋಡೋಣ ಅಂದ್ರು. ಆ ರೂಮಿನ ಆಸೆ ನಾನು ಎಷ್ಟು ವರ್ಷದಿಂದ ಇಟ್ಕೊಂಡಿದೀನಿ ಅಂತ ಅವರಿಗೆ ಗೊತ್ತು. ಪ್ಲಾನ್ ಬರೆಯುವಾಗ ಟೇಪ್ ಹಿಡಿದದ್ದು ನಾನು.

ಮಾರ್ಚ್ 18, ಮಂಗಳವಾರ. ಮಧ್ಯಾಹ್ನ 1

ರೂಮಿಗೆ ಇನ್ನೂ ಕರೆಂಟ್ ಕೊಟ್ಟಿಲ್ಲ, ಅದಕ್ಕೆ ಡಾಕ್ಟರಮ್ಮನ ಕಾರು ಹಳೇ ಶೆಡ್ಡಲ್ಲೇ. ಎರಡು ದಿನದಿಂದ ಅವನು ಅದರ ಮೇಲೇ ಬಿದ್ದಿದಾನೆ. ಕೆಲಸ ಚೆನ್ನಾಗಿದೆ. ಇಲ್ಲ ಅನ್ನೋಕಾಗಲ್ಲ. ಬಾಗಿಲುಗಳು ಕಾಡಿಗೆ ಥರ ಹೊಳೀತಿವೆ.

ನಮ್ಮಲ್ಲಿ ಒಂದು ಪದ್ಧತಿ. ಕೋಟಿಂಗ್ ಹಾಕೋ ಮೊದಲು ಕೆಲಸ ಮಾಡಿದವನು ಬಿಟ್ಟು ಇನ್ನೊಬ್ಬ ಟಾರ್ಚ್ ಹಿಡಿದು ಪೂರ್ತಿ ನೋಡಬೇಕು. ಯಾಕಂದ್ರೆ ಕೋಟಿಂಗ್ ಅಂದ್ರೆ ಗಾಜು ಮುಚ್ಚಿದ ಹಾಗೆ. ಒಳಗೆ ಏನಿದೆಯೋ ಅದು ಒಳಗೇ. ಕಲೆ ಉಳಿದಿದ್ದರೆ ಆಮೇಲೆ ವಿನೆಗರ್ರೂ ಮುಟ್ಟಲ್ಲ, ಯಾವ ಶಾಂಪೂನೂ ಮುಟ್ಟಲ್ಲ. ನೋಡಿದವನು ಕಾರಿನ ಮುಂದಿನ ಗಾಜಿಗೆ ಅಂಟಿಸಿದ ನೀಲಿ ಟೇಪಿನ ಮೇಲೆ ಒಂದು ರೈಟ್ ಗುರುತು ಹಾಕಬೇಕು. ಈ ಪದ್ಧತಿ ತಂದದ್ದು ನಾನೇ.

ಭಾವ, ಒಂದ್ಸಲ ನೋಡಿಬಿಡಿ ಅಂದ. ನೋಡಿದೆ. ಬಾನೆಟ್ ಸರಿ. ಬಾಗಿಲು ಸರಿ. ಡಿಕ್ಕಿ ಸರಿ. ಮೇಲ್ಗಡೆ ಟಾಪು...

ನಾನು ಆರಡಿ. ಶೆಡ್ಡಲ್ಲಿ ಎಲ್ಲರೂ ಕರೆಯೋದೇ ಏಣಿ ಅಂತ. ಅವನು ನನ್ನ ಹೆಗಲಿಗೆ ಬರ್ತಾನೆ. ಸ್ಟೂಲ್ ಹತ್ತಿ ಮಿಷನ್ ಹಿಡಿದರೂ ಟಾಪಿನ ನಡುವೆ ಅವನಿಗೆ ಟ್ಯೂಬ್‌ಲೈಟಿನ ಹೊಳಪೇ ಅಡ್ಡ ಬರುತ್ತೆ. ನನಗೆ ಮೇಲಿಂದ ಕಂಡಿತು. ಸಣ್ಣ ಸಣ್ಣ ಬಿಳೀ ಉಂಗುರ. ಎಣಿಸಿದೆ. ಒಂಬತ್ತು.

ಸರಿ ಇದೆ ಅಂದೆ. ಟೇಪಿಗೆ ರೈಟ್ ಹಾಕಿದೆ.

ಸಂಜೆ 5

ಕೋಟಿಂಗ್ ಮುಗೀತು. ಟಾಪಿಗೆ ಕೊನೇಲಿ ಹಾಕಿದ. ನಾನು ಹತ್ತು ಹೆಜ್ಜೆ ದೂರದಲ್ಲಿ ಟಯರ್ ಒರೆಸ್ತಾ ಇದ್ದೆ. ಒಂದು ಮಾತು ಹೇಳಿದ್ರೆ ಸಾಕಾಗಿತ್ತು. ಬಾಯಿಗೆ ಬೀಗ ಹಾಕ್ಕೊಂಡು ಕೂತೆ. ಡಾಕ್ಟರಮ್ಮ ಮೊದಲು ಮಹಡಿ ಕಿಟಕಿಯಿಂದ ನೋಡೋದೇ ಟಾಪನ್ನ. ಅದೂ ಗೊತ್ತಿತ್ತು ನನಗೆ.

ಮಾರ್ಚ್ 20, ಗುರುವಾರ

ಕಾರು ಹೋಯ್ತು. ಟೇಪ್ ಕಿತ್ತು ಕಸದ ಡಬ್ಬಕ್ಕೆ ಹಾಕಿದ ಅವನು.

ಮಾರ್ಚ್ 27, ಗುರುವಾರ

ಡಾಕ್ಟರಮ್ಮನ ಫೋನ್ ಬಂತು. ಹತ್ತೂವರೆಗೆ. ಓನರ್ ಮುಖ ಕೆಂಪಗಾಯ್ತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ದಿನಾ ಕಿಟಕೀಲಿ ನಿಂತರೆ ಟಾಪಿನ ಕಲೆಯೇ ಕಾಣುತ್ತಂತೆ ಆಯಮ್ಮನಿಗೆ, ಮಧ್ಯಾಹ್ನದ ಬಿಸಿಲಲ್ಲಿ ಎಣಿಸಬಹುದಂತೆ. ಹಲ್ಲಲ್ಲಿ ಹುಳುಕು ಬಿಟ್ಟು ಮೇಲೆ ಸಿಮೆಂಟ್ ತುಂಬಿದ ಹಾಗಾಯ್ತು ನಿಮ್ಮ ಕೆಲಸ ಅಂದ್ರಂತೆ.

ಯಾರು ಚೆಕ್ ಮಾಡಿದ್ದು ಅಂತ ಕೇಳಿದ್ರು ಓನರ್.

ಇಷ್ಟು ದಿನ ನಾನು ಇದನ್ನ ಯೋಚಿಸಿರಲಿಲ್ಲ ಅಂದ್ರೆ ನಂಬ್ತಾರಾ ಯಾರಾದರೂ? ಅವನು ಸಿಕ್ಕಿಬೀಳೋದು ಮಾತ್ರ ಯೋಚಿಸಿದ್ದೆ. ಆ ರೈಟ್ ನನ್ನದು ಅನ್ನೋದು ಮರೆತೇಹೋಗಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಯಾರಿಗೂ ತೋರಿಸಲಿಲ್ಲ ಸಾರ್, ಅವಸರ ಮಾಡಿಬಿಟ್ಟೆ — ಅವನ ದನಿ.

ಅವನೇ ಹೇಳಿದ್ದು. ನನ್ನ ಕಡೆ ನೋಡಲೂ ಇಲ್ಲ. ಓನರ್ ಮಿಷನ್ ಕಸಿದು ನನ್ನ ಕೈಗೆ ಕೊಟ್ಟರು. ಅವನಿಗೆ ಬಕೆಟ್. ಇವತ್ತಿಂದ ಚಕ್ರ ತೊಳೀಬೇಕಂತೆ. ತಿಂಗಳಾದ ಮೇಲೆ ಇರೋದೋ ಹೋಗೋದೋ ಹೇಳ್ತೀನಿ ಅಂದ್ರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮಾರ್ಚ್ 28, ಶುಕ್ರವಾರ

ನಲ್ಲಿ ಹತ್ತಿರ ಅವನೊಬ್ಬನೇ ಸಿಕ್ಕಿದ. ಕೇಳಿಬಿಟ್ಟೆ, ಯಾಕೋ ಸುಳ್ಳು ಹೇಳಿದೆ ಅಂತ.

ಕೈ ಒರೆಸಿಕೊಂಡು ಹತ್ತಿರ ಬಂದ. ಮೆಲ್ಲಗೆ ಅಂದ.

"ಭಾವ, ನಿಮಗೆ ಕಣ್ಣು ಯಾವಾಗಿಂದ ಮಂಜಾಗಿದೆ?"

ನಂಗೆ ಮೊದಲು ಅರ್ಥವೇ ಆಗಲಿಲ್ಲ.

"ನೀವು ಅಷ್ಟು ಹೊತ್ತು ಟಾರ್ಚ್ ಹಿಡ್ಕೊಂಡು ಟಾಪ್ ನೋಡಿದ್ರಿ. ಆದರೂ ಕಾಣಲಿಲ್ಲ ಅಂದ್ರೆ... ಓನರ್‌ಗೆ ಗೊತ್ತಾದ್ರೆ ಈ ಕೆಲಸದಲ್ಲಿ ಇಟ್ಕೋತಾರಾ? ನಂದೇನು, ಎಲ್ಲಾದರೂ ಸಿಗುತ್ತೆ. ನಿಮಗೆ ಈ ವಯಸ್ಸಲ್ಲಿ ಯಾರು ಕೊಡ್ತಾರೆ? ಯಾರಿಗೂ ಹೇಳಲ್ಲ ನಾನು. ಆದರೆ ತೋರಿಸ್ಕೊಳ್ಳಿ ಭಾವ."

ಅಷ್ಟೇ. ಬಕೆಟ್ ಎತ್ತಿಕೊಂಡು ಹೋದ.

ನಾನು ಬೇಕಂತಲೇ ಮಾಡಿರಬಹುದು ಅನ್ನೋದು ಅವನ ತಲೆಗೇ ಬಂದಿಲ್ಲ. ಪೆದ್ದ. ಅಲ್ಲ, ಪೆದ್ದ ಅಲ್ಲ. ನನ್ನಂಥವನಲ್ಲ, ಅಷ್ಟೇ. ಇದಕ್ಕೂ ಹೊಟ್ಟೆ ಉರೀತು ನಂಗೆ. ಒಳ್ಳೆಯವನಾಗಿರೋದರಲ್ಲೂ ನನಗಿಂತ ಮುಂದೆ ಇದಾನಲ್ಲಾ ಅಂತ.

ಮಾರ್ಚ್ 29, ಶನಿವಾರ

ಯಾರಿಗೂ ಹೇಳಲ್ಲ ಅಂದವನು ಹೆಂಡತಿಗೆ ಹೇಳಿದಾನೆ. ಅವಳು ಅಕ್ಕನಿಗೆ. ಅಕ್ಕ ಅಮ್ಮನಿಗೆ. ಮನೆಗೆ ಬರೋಷ್ಟರಲ್ಲಿ ಇವಳು ಅತ್ತು ಮುಖ ಊದಿಸಿಕೊಂಡಿದಾಳೆ. ನನ್ನ ಹತ್ತಿರ ಯಾಕೆ ಮುಚ್ಚಿಟ್ರಿ ಅಂತ. ತಟ್ಟೆ ಇಟ್ಟು, ಇಲ್ಲಿ ಅನ್ನ ಇದೆ, ಇಲ್ಲಿ ಸಾರಿದೆ ಅಂತ ಬೆರಳಿಟ್ಟು ತೋರಿಸಿದಳು. ಅತ್ತೆ ಫೋನಲ್ಲಿ, ನಿಮ್ಮನ್ನ ಒಂದು ದಿನವೂ ಬಾಯಿ ತುಂಬಾ ಹೊಗಳಲಿಲ್ಲವಲ್ಲಾ ನಾನು ಅಂತ ಬಿಕ್ಕಿದರು. ಬಿಸಿ ತುಪ್ಪ — ನುಂಗೋಕಾಗಲ್ಲ, ಉಗುಳೋಕಾಗಲ್ಲ.

ಸ್ಕೂಟರ್ ಕೀ ಬಚ್ಚಿಟ್ಟಿದಾಳೆ. ಎಲ್ಲಿಟ್ಟಿದಾಳೆ ಅಂತ ಕಾಣ್ತಾನೇ ಇದೆ. ಸಕ್ಕರೆ ಡಬ್ಬದ ಹಿಂದೆ.

ಇವತ್ತು ಓನರ್ ರೂಮಿನ ಬೀಗದ ಕೈ ಕೊಟ್ಟರು.

ಏಪ್ರಿಲ್ 1, ಮಂಗಳವಾರ

ನಿನ್ನೆ, ಇವತ್ತು, ಎರಡು ದಿನ ಡಾಕ್ಟರಮ್ಮನ ಕಾರು. ಹೊಸ ರೂಮಲ್ಲಿ ನನ್ನ ಮೊದಲ ಕೆಲಸ. ಟಾಪಿನ ಕೋಟಿಂಗ್ ಪೂರ್ತಿ ಮಿಷನ್ನಲ್ಲಿ ಉಜ್ಜಿ ತೆಗೀಬೇಕು, ಆಮೇಲೆ ಕಲೆ, ಆಮೇಲೆ ಮತ್ತೆ ಕೋಟಿಂಗ್. ಒತ್ತಿದರೆ ಪೇಂಟೇ ಹೋಗುತ್ತೆ, ಒತ್ತದಿದ್ದರೆ ಕಲೆ ಹೋಗಲ್ಲ. ಮಿಷನ್ ಎರಡು ಸುತ್ತು ಓಡಿಸೋದು, ಒರೆಸೋದು, ನೋಡೋದು.

ನೋಡೋಕೆ ಓನರ್ ಅನುಮತಿ ಕೇಳಿ ಅವನು ಬಂದಿದ್ದ. ಚಕ್ರ ತೊಳೆದ ಒದ್ದೆ ಪ್ಯಾಂಟಲ್ಲೇ ಸ್ಟೂಲ್ ಹತ್ತಿ ಟಾರ್ಚ್ ಹಿಡಿದ. ಇಲ್ಲಿ ಲೈಟ್ ಚೆನ್ನಾಗಿದೆ, ಅವನಿಗೂ ಕಾಣುತ್ತೆ. ಭಾವ, ಇಲ್ಲೊಂದಿದೆ. ಭಾವ, ಸ್ವಲ್ಪ ಎಡಕ್ಕೆ. ಓನರ್ ಹತ್ತಿರ ಸುಳಿದಾಗ ಸುಮ್ಮನಾಗಿ ಬೆರಳಲ್ಲಿ ತೋರಿಸೋನು, ಅವರಿಗೆ ನನ್ನ ಕಣ್ಣಿನ ಗುಟ್ಟು ತಿಳೀಬಾರದು ಅಂತ. ಅವನು ಹೇಳೋ ಮೊದಲೇ ನಂಗೆ ಎಲ್ಲಾ ಕಾಣ್ತಿತ್ತು. ಆದರೂ ಅವನು ಹೇಳೋವರೆಗೆ ಕಾದೆ. ಒಂಬತ್ತು ಸಲ ಕಾದೆ. ಬೆವರಲ್ಲಿ ಕಣ್ಣು ಉರಿದು ನೀರು ಬಂತು. ನೋಡಿ, ನೀರು ಸುರೀತಿದೆ, ಇನ್ನು ತಡ ಮಾಡಬೇಡಿ ಅಂದ.

ಡಾಕ್ಟರಮ್ಮ ಬಂದು ನೋಡಿ, ಏನೇ ಆಗ್ಲಿ ನಿಮ್ಮ ಕೈ ನಿಮ್ಮದೇ ಅಂದ್ರು. ಇದೇ ಮಾತಿಗೆ ಒಂದು ತಿಂಗಳಿಂದ ಸಾಯ್ತಿದ್ದೆ. ಕೇಳಿದಾಗ ಎಲ್ಲಾದರೂ ಓಡಿಹೋಗೋಣ ಅನ್ನಿಸ್ತು.

ಏಪ್ರಿಲ್ 3, ಗುರುವಾರ

ನಾಳೆ ಕಣ್ಣಾಸ್ಪತ್ರೆಗೆ ಅಂತ ಅವನೇ ಹೆಸರು ಬರೆಸಿದಾನೆ. ಅರ್ಧ ದಿನ ರಜ ಹಾಕಿದಾನೆ, ಮೊದಲೇ ಓನರ್ ಕಣ್ಣು ಅವನ ಮೇಲಿದೆ. ಬೇಡ ಅಂದೆ. ಭಾವ, ಹಠ ಮಾಡಬೇಡಿ ಅಂದ. ನಿಜ ಏನಂತ ಇವಳಿಗೆ ಹೇಳಿಬಿಡಲಾ? ಓನರ್‌ಗೆ ಹೇಳಲಾ? ಮೂರು ಸಲ ಬಾಯಿವರೆಗೆ ಬಂತು. ಇನ್ನೊಂದು ದಾರಿನೂ ಇದೆ. ಕಾಣಲ್ಲ ಅಂದ್ರೆ ಆಯ್ತು. ಒಂದು ಕನ್ನಡಕ ಕೊಡ್ತಾರೆ, ಹಾಕ್ಕೊಂಡು ತಿರುಗಿದರೆ ಎಲ್ಲರಿಗೂ ಸಮಾಧಾನ. ಬದುಕಿರೋವರೆಗೆ ಹಾಕ್ಕೊಂಡಿರಬೇಕು, ಅಷ್ಟೇ.

ಏಪ್ರಿಲ್ 4, ಶುಕ್ರವಾರ. ಮಧ್ಯಾಹ್ನ

ಆಸ್ಪತ್ರೆ ಮೆಟ್ಟಿಲು ಹತ್ತುವಾಗ ಅವನು ನನ್ನ ಮೊಣಕೈ ಹಿಡ್ಕೊಂಡಿದ್ದ. ಒಂದು... ಎರಡು... ಅಂತ ಮೆಟ್ಟಿಲು ಎಣಿಸಿ ಹೇಳ್ತಾ.

ಒಳಗೆ ಕುರ್ಚೀಲಿ ಕೂರಿಸಿದರು. ಗೋಡೆ ಮೇಲೆ ಅಕ್ಷರದ ಬೋರ್ಡು. ಅವನು ಪಕ್ಕದ ಸ್ಟೂಲಲ್ಲಿ. ಮೊದಲ ಸಾಲು ಓದಿ ಅಂದ್ರು ಡಾಕ್ಟರ್. ಓದಿದೆ. ಎರಡು, ಮೂರು ಓದಿದೆ. ನಾಲ್ಕಕ್ಕೆ ನಿಂತೆ. ಇಲ್ಲಿಗೆ ನಿಲ್ಲಿಸಬಹುದಿತ್ತು. ಪರವಾಗಿಲ್ಲ ಭಾವ, ಕಂಡಷ್ಟು ಹೇಳಿ ಅಂದ ಅವನು.

ಕೊನೇ ಸಾಲಿನವರೆಗೂ ಓದಿದೆ. ಅದರ ಕೆಳಗೆ ಬೋರ್ಡ್ ಮಾಡಿದ ಪ್ರೆಸ್ಸಿನ ಹೆಸರು ಇರುವೆ ಸಾಲಿನಷ್ಟು ಸಣ್ಣಗಿತ್ತು, ಅದನ್ನೂ ಓದಿದೆ. ಡಾಕ್ಟರ್ ನಕ್ಕರು. ಇಷ್ಟು ಒಳ್ಳೇ ಕಣ್ಣಿಟ್ಕೊಂಡು ಇಲ್ಲಿಗ್ಯಾಕೆ ಬಂದ್ರಿ, ನನಗೇ ಆ ಹೆಸರು ಕಾಣಲ್ಲ ಅಂದ್ರು.

ಅವನೂ ನಕ್ಕ. ದೇವರು ದೊಡ್ಡವನು ಅಂದ, ಮನೆಗೆ ಹೇಳೋಣ ಅಂತ ಜೇಬಿಂದ ಫೋನ್ ತೆಗೆದ. ನಂಬರ್ ಒತ್ತಿದ. ಆಮೇಲೆ ಒತ್ತಿದ ಬೆರಳು ಅಲ್ಲೇ ನಿಂತಿತು. ಅತ್ತ ಕಡೆಯಿಂದ ಹಲೋ, ಹಲೋ ಅಂತ ಇವಳ ದನಿ. ಅವನು ನಿಧಾನಕ್ಕೆ ತಲೆ ಎತ್ತಿದ. ನಾನು ಮುಖ ತಿರುಗಿಸಲಿಲ್ಲ.

ಭಾವ ಅಂದ.

ಹೂಂ ಅಂದೆ.

ಹಾಗಾದರೆ ಆವತ್ತು ಟಾಪು... ಅಂದ.