ಮಂಚದ ಕೆಳಗಿದ್ದ ದಿಮ್ಮಿ

ರೀ,

ಬೇರಿಂಗ್ ತರೋಕೆ ಅಂಗಡಿಗೆ ಹೊರಟೆ. ಟ್ರೈಲರ್‌ನ ಎರಡೂ ಚಕ್ರ ಬಿಚ್ಚಿಟ್ಟಿದ್ದೀನಿ, ದೋಣಿ ಅದರ ಮೇಲೇ ಇದೆ. ನಾನು ಬರೋವರೆಗೂ ಕೆಳಗೆ ತಲೆ ತೂರಿಸಬೇಡಿ. ಸ್ಪ್ಯಾನರ್ ಒಳಗೆ ಉರುಳಿದರೂ ಅಲ್ಲೇ ಬಿದ್ದಿರಲಿ.

ಮನಸ್ಸು ತಡೀದೆ ಗೇಟಿನಿಂದ ಮೂರು ಸಲ ವಾಪಸ್ ಬಂದು ನೋಡಿದೆ. ಬೆಳಿಗ್ಗೆ ಟ್ರೈಲರ್ ಕೆಳಗೆ ಆಸರೆಗೆ ಕೊಟ್ಟಿದ್ದ ನಾಲ್ಕು ಮರದ ದಿಮ್ಮಿಯಲ್ಲಿ ಮೂರೇ ಇತ್ತು, ಒಂದರ ಜಾಗದಲ್ಲಿ ಜಾಕ್! ಜಾಕ್ ಇರೋದು ಎತ್ತೋಕೆ, ಹೊತ್ತುಕೊಂಡು ನಿಲ್ಲೋಕಲ್ಲ ಅಂತ ಎಷ್ಟು ಸಲ ಬಾಯಿ ಬಡ್ಕೊಳ್ಳಲಿ?

ದಿಮ್ಮಿ ಸಿಕ್ಕಿದ್ದು ನಮ್ಮ ಮುರುಕು ಮಂಚದ ಕೆಳಗೆ, ಮುರಿದ ಕಾಲಿನ ಜಾಗದಲ್ಲಿ ನೀವು ಇಟ್ಟಿದ್ದು. ಎಳೆದು ತಂದು ಮತ್ತೆ ದೋಣಿಗೇ ಆಸರೆ ಕೊಟ್ಟಿದ್ದೀನಿ.

ಮಲಗೋದಾದರೆ ಗೋಡೆ ಕಡೆ ಸರಿದು ಮಲಗಿ. ಮಂಚದಿಂದ ಬಿದ್ದರೆ ಸೊಂಟ ಉಳುಕುತ್ತೆ, ಅಷ್ಟೆ. ದೋಣಿ ನಿಮ್ಮ ಮೇಲೆ ಬಿದ್ದರೆ ನಾನು ಯಾರ ಜೊತೆ ಜಗಳ ಆಡಲಿ?