ಯೆರೆವಾನ್ ರಂಗದ ಮೇಲೆ ನಿನ್ನ ‘ಪರೇವ್’

ಅಮ್ಮಾ,

ನೀನು ಬೈರೂತ್‌ನಲ್ಲಿ ಕಣ್ಣುಮುಚ್ಚಿದ ಮೇಲೆ ನಿನಗೆ ಬರೆಯುತ್ತಿರುವುದು ಇದೇ ಮೊದಲು. ಇವತ್ತು ಯೆರೆವಾನ್‌ನಲ್ಲಿ ನಮ್ಮ ಹೊಸ ನಾಟಕ ಆಯಿತು. ಮಗನಿಗಾಗಿ ಕಾಯುವ ತಾಯಿಯ ಪಾತ್ರ ನನ್ನದು.

ಇಷ್ಟು ವರ್ಷ ಇಲ್ಲಿ ನನಗೆ ಸಿಕ್ಕಿದ್ದೆಲ್ಲ ನಗಿಸುವ ಪಾತ್ರಗಳೇ. ನಮಸ್ಕಾರಕ್ಕೆ ಇಲ್ಲಿ ಆರ್ಮೇನಿಯಾದಲ್ಲೇ ಹುಟ್ಟಿದವರು ‘ಬರೇವ್’ ಅಂದರೆ, ಬೈರೂತ್‌ನಂಥ ಹೊರನಾಡಿನಲ್ಲಿ ಹುಟ್ಟಿದ ಆರ್ಮೇನಿಯನ್ನರಾದ ನಾವು ‘ಪರೇವ್’ ಅನ್ನುತ್ತೇವಲ್ಲ, ಅಷ್ಟಕ್ಕೇ ಜನ ನಗುತ್ತಿದ್ದರು.

ತಾಲೀಮಿನಲ್ಲಿ ನಿರ್ದೇಶಕ ಗೆಘಾಮ್ ಬೇಡಿಕೊಂಡಿದ್ದ. “ಶೋಘಿಗ್, ನಾಲಿಗೆ ಸ್ವಲ್ಪ ನಮ್ಮ ಕಡೆ ತಿರುಗಿಸಮ್ಮ. ಅಳೋ ಜಾಗದಲ್ಲಿ ಜನ ನಕ್ಕುಬಿಟ್ರೆ ನಾಟಕ ಎಕ್ಕುಟ್ಟಿ ಹೋಗುತ್ತೆ.”

“ನಗಲಿ ಬಿಡಿ. ಈ ತಾಯಿ ನಮ್ಮ ಕಡೆಯೋಳು,” ಅಂದೆ.

ಇವತ್ತು ಮಗ ಬಾಗಿಲಿಗೆ ಬಂದು ನಿಂತಾಗ ಗಟ್ಟಿಯಾಗಿ “ಪರೇವ್, ಮಗನೇ” ಅಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ನಿಲ್ಲಿಸಲಿಲ್ಲ. ನೀನು ಫೋನಿನಲ್ಲಿ ಕೇಳುತ್ತಿದ್ದ ಹಾಗೆಯೇ ಕೇಳಿದೆ. “ಊಟ ಆಯ್ತಾ? ಯಾವಾಗ ಬರ್ತೀಯ ಅಂತ ಎಷ್ಟು ಸಲ ಕೇಳಿದೆ?”

ಆಮೇಲೆ ಒಬ್ಬರೂ ನಗಲಿಲ್ಲ. ಪರದೆ ಬಿದ್ದ ಮೇಲೆ ಎಲ್ಲರೂ ಎದ್ದು ನಿಂತರು ಅಮ್ಮಾ, ಚಪ್ಪಾಳೆ ನಿಲ್ಲಲೇ ಇಲ್ಲ.

ಗೆಘಾಮ್ ಕಣ್ಣೊರೆಸಿಕೊಳ್ಳುತ್ತಾ ಒಳಗೆ ಬಂದ. “ಹೀಗೆ ಮಾತಾಡೋದು ಯಾರ ಹತ್ರ ಕಲಿತೆ?”

ತಲೆಯೆತ್ತಿ ಹೇಳಿದೆ, “ನಮ್ಮಮ್ಮ ಹೀಗೇ ಮಾತಾಡ್ತಾಳೆ.”

ಮಾತಾಡ್ತಿದ್ದಳು ಅನ್ನಲು ನನಗೆ ಬಾಯಿ ಬರಲಿಲ್ಲ.